ಎರಡು ಮಿಲಿಮೀಟರಿನ ಜಗಳ

ಕಾರಿಗೆ ಹೆಚ್ಚುವರಿ ಡ್ರೈವಿಂಗ್ ಲೈಟ್ ಹಾಕಬೇಕು ಎಂದು ಮುಂಬಯಿಯಲ್ಲಿ ಯಾರನ್ನಾದರೂ ವಿಚಾರಿಸಿ ನೋಡಿ. ಯಾವ ಕಂಪನಿಯ ಲೈಟು, ಎಷ್ಟು ವ್ಯಾಟು, ಬಿಳಿಯೋ ಹಳದಿಯೋ, ಹ್ಯಾಲೊಜನ್ನೋ ಎಲ್‌ಇಡಿಯೋ ಎಂದು ಅರ್ಧ ಗಂಟೆ ಮಾತಾಡುತ್ತಾರೆ. ಬ್ರಾಕೆಟ್ಟಿನ ಸುದ್ದಿ ಬಂದರೆ ಮಾತು ಒಂದೇ ಸಾಲಿಗೆ ಮುಗಿಯುತ್ತದೆ: ಅದೇನು ಮಹಾ, ಅಂಗಡಿಯವನೇ ಒಂದು ಪಟ್ಟಿ ಕೊಟ್ಟು ಕೂರಿಸುತ್ತಾನೆ. ಇಲ್ಲ, ಅದನ್ನು ನಾನೇ ಅಳತೆ ತೆಗೆದು, ಕೊಯ್ದು, ಕೊರೆದು, ಬಗ್ಗಿಸಿ ಮಾಡಿಕೊಳ್ಳುತ್ತೇನೆ ಎಂದಿರೋ, ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟು ದುಡ್ಡಿನ ಕಾರಿಗೆ ಮನೆಯಲ್ಲಿ ಮಾಡಿದ ಕಬ್ಬಿಣದ ತುಂಡೇ? ರೆಡಿಮೇಡ್ ಸಿಗುವಾಗ ಈ ಜುಗಾಡ್ ಯಾಕೆ?

ಲೈಟು ಮುಖ್ಯ, ಬ್ರಾಕೆಟ್ ಕ್ಷುಲ್ಲಕ. ಅಂಗಡಿಯದು ಸರಿ, ಮನೆಯದು ಕಳಪೆ. ಇದು ನಮ್ಮಲ್ಲಿ ಬೇರೂರಿದ ನಂಬಿಕೆ, ಮತ್ತು ಇದರ ಎರಡು ಅರ್ಧಗಳೂ ತಪ್ಪು. ಲೈಟು ರಸ್ತೆಗೆ ಬೀಳುತ್ತದೋ ಎದುರಿನವರ ಕಣ್ಣಿಗೆ ಬೀಳುತ್ತದೋ ಎಂಬುದನ್ನು ತೀರ್ಮಾನಿಸುವುದು ಬ್ರಾಕೆಟ್. ಆ ಬ್ರಾಕೆಟ್ ಸರಿಯಾಗಬೇಕಾದರೆ ಅದನ್ನು ನಿಮ್ಮದೇ ಕಾರಿನ ಮುಂದೆ ಕೂತು ಅಳತೆ ತೆಗೆದು ಮಾಡಬೇಕು. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಪಟ್ಟಿ ಯಾವ ಕಾರಿಗೂ ಸರಿಯಾಗಿ ಆಗುವುದಿಲ್ಲ.

ಷೋಕಿಗೆ ಲೈಟು ಹಾಕುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಡೊಂಬಿವಿಲಿ, ಮುಲುಂಡ್, ಅಂಧೇರಿ, ಮೀರಾ ರೋಡ್, ನವಿ ಮುಂಬಯಿಗಳಿಂದ ವರ್ಷಕ್ಕೊಮ್ಮೆಯಾದರೂ ಊರಿನ ದಾರಿ ಹಿಡಿಯುವ ನಮ್ಮ ಕರಾವಳಿಯ ಕುಟುಂಬಗಳಿವೆಯಲ್ಲ, ಅವರ ಮಾತು ಇದು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೂ ಚೌತಿಯ ಹೊತ್ತಿಗೆ ಟಿಕೆಟ್ ಸಿಗದೆ, ಸಾಮಾನು ಹೆಚ್ಚಾಗಿ, ಹಿರಿಯರ ಮಂಡಿನೋವಿನಿಂದಾಗಿ ಕಾರಿನಲ್ಲೇ ಹೊರಡುವವರು ಬಹಳ ಜನ. ಪನವೇಲಿನಲ್ಲಿ ಹಿಡಿದ ರಾಷ್ಟ್ರೀಯ ಹೆದ್ದಾರಿ 66 (ಹಳಬರ ಬಾಯಲ್ಲಿ ಅದು ಇನ್ನೂ 17) ಪೇಣ್, ಮಾಣಗಾಂವ್, ಮಹಾಡ್, ಪೋಲಾದಪುರ ದಾಟಿ ಕಶೇಡಿ ಘಾಟಿ ಹಾದು, ಚಿಪ್ಳೂಣ್, ಸಂಗಮೇಶ್ವರ, ಕಣಕವಲಿ, ಸಾವಂತವಾಡಿಗಳನ್ನು ಕಳೆದು, ಗೋವಾ ಮುಗಿದ ಮೇಲೆ ಕಾರವಾರ ಮುಟ್ಟುತ್ತದೆ. ಒಂದು ದಶಕಕ್ಕೂ ಮೀರಿ ಎಳೆದ ಅಗಲೀಕರಣದಿಂದ ಅದರ ಮೈ ಹೇಗಾಗಿದೆ ಎಂಬುದು ಓಡಿಸಿದವರಿಗೆ ಗೊತ್ತು. ನಾಲ್ಕು ಪಥದ ಕಾಂಕ್ರೀಟು ತಟ್ಟನೆ ನಿಂತು, ಎರಡು ಕಲ್ಲು ಒಂದು ಕೋಲು ಅಡ್ಡವಿಟ್ಟ ತಿರುವು ಎದುರಾಗುತ್ತದೆ. ರಾತ್ರಿ, ಮಳೆ, ರಸ್ತೆಯ ನಡುವೆ ಮಲಗಿದ ಎಮ್ಮೆಗಳು. ಇದೇ ದಾರಿಯಲ್ಲಿ 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಪ್ರವಾಹಕ್ಕೆ ಕುಸಿದು ಎರಡು ಎಸ್‌ಟಿ ಬಸ್ಸುಗಳೂ ಅವುಗಳೊಂದಿಗೆ ಬೇರೆ ವಾಹನವೂ ಕೊಚ್ಚಿಹೋದವು. ಆ ದುರಂತವನ್ನು ಯಾವುದೋ ಲೈಟು ತಪ್ಪಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆ ದಾರಿಯ ಮಳೆಗಾಲದ ರಾತ್ರಿಯಲ್ಲಿ ಇನ್ನಷ್ಟು ದೂರ ಕಾಣಬೇಕು ಎಂದು ಬಯಸುವವನನ್ನು ಷೋಕಿಲಾಲ ಎನ್ನಬೇಡಿ ಎಂದಷ್ಟೇ ಹೇಳುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ಈ ಜಗಳವನ್ನು ಬಗೆಹರಿಸುವುದು ಅಭಿಪ್ರಾಯವಲ್ಲ, ಶಾಲೆಯಲ್ಲಿ ಕಲಿತ ರೇಖಾಗಣಿತ.

ಲೈಟು ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಮೀಟರಿಗೆ ಅರ್ಧ ಸೆಂಟಿಮೀಟರ್ ಇಳಿಯುವಂತೆ ಅದನ್ನು ಕೂರಿಸಿದರೆ ಬೆಳಕಿನ ನಡುಭಾಗ 120 ಮೀಟರ್ ಆಚೆ ರಸ್ತೆಯನ್ನು ಮುಟ್ಟುತ್ತದೆ. ಡ್ರೈವಿಂಗ್ ಲೈಟಿನಿಂದ ನಾವು ಬಯಸುವುದು ಇದನ್ನೇ. ಈಗ ಬ್ರಾಕೆಟ್ ಒಂದೇ ಒಂದು ಡಿಗ್ರಿ ಮೇಲಕ್ಕೆ ಬಾಗಲಿ. ಅದೇ ಬೆಳಕು ಏರುತ್ತಾ ಹೋಗಿ 50 ಮೀಟರಿನಲ್ಲಿ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಎದುರಿನ ಕಾರಿನಲ್ಲಿ ಕೂತವನ ಕಣ್ಣು ಇರುವುದು ಸರಿಯಾಗಿ ಅಲ್ಲೇ. ಒಂದು ಡಿಗ್ರಿ ಕೆಳಕ್ಕೆ ಬಾಗಿದರೆ? 120 ಮೀಟರ್ ಮುಟ್ಟಬೇಕಾದದ್ದು 27 ಮೀಟರಿಗೇ ನೆಲ ಕಚ್ಚುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡದ್ದನ್ನು ಮನಸ್ಸು ಅರಿತು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ 27 ಮೀಟರ್ ಮುಗಿದಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಬೆಳಕು ಬಾನೆಟ್ಟಿನ ಮುಂದೆಯೇ ಹಾಸಿ ಬಿದ್ದಿರುತ್ತದೆ.

ಒಂದು ಡಿಗ್ರಿ ಅಂದರೆ ಎಷ್ಟು? ಹತ್ತು ಸೆಂಟಿಮೀಟರ್ ಉದ್ದದ ಪಟ್ಟಿಯ ತುದಿಯಲ್ಲಿ ಅದು 1.75 ಮಿಲಿಮೀಟರ್. ಎರಡು ಮಿಲಿಮೀಟರ್ ಕೂಡ ಇಲ್ಲ. ಬೋಲ್ಟು ಅರ್ಧ ಸುತ್ತು ಸಡಿಲಾದರೆ, ತೂತು ಒಂದು ಸೈಜು ದೊಡ್ಡದಾದರೆ, ತೆಳು ತಗಡು ಗುಂಡಿಯಲ್ಲಿ ಒಮ್ಮೆ ತೂಗಾಡಿ ಪೂರ್ತಿ ಹಿಂದಕ್ಕೆ ಬಾರದಿದ್ದರೆ, ಅಷ್ಟು ಸಾಕು. ವ್ಯಾಟು, ಲ್ಯೂಮೆನ್, ಲೆನ್ಸು ಎಂದು ಎಣಿಸಿ ಎಣಿಸಿ ಆರಿಸಿದ ಲೈಟಿನ ಹಣೆಬರಹ ಈ ಎರಡು ಮಿಲಿಮೀಟರಿನೊಳಗಿದೆ. ಅದನ್ನು ಕಾಯುವುದು ಬ್ರಾಕೆಟ್ ಒಂದೇ. ಹೀಗಿರುವಾಗ ಲೈಟಿಗೆ ಸುರಿದು ಬ್ರಾಕೆಟ್ಟಿಗೆ ಕೈ ಬಿಗಿಹಿಡಿಯುವುದು ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಅಂಗಡಿಗಳಲ್ಲಿ ‘ಯುನಿವರ್ಸಲ್’ ಎಂಬ ಹೆಸರಿನಲ್ಲಿ ಸಿಗುವ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಮಿಲಿಮೀಟರ್ ದಪ್ಪದ ತಗಡು, ಎಲ್ ಆಕಾರದ ಒಂದು ಬಾಗು, ಮೇಲೆ ಮಿರಿಮಿರಿ ಕಪ್ಪು ಬಣ್ಣ. ಎಲ್ಲ ಕಾರಿಗೂ ಹೊಂದಬೇಕಲ್ಲ, ಅದಕ್ಕಾಗಿ ದುಂಡು ತೂತಿನ ಬದಲು ಉದ್ದುದ್ದ ಸೀಳುಗಳು. ಸೀಳಿನಲ್ಲಿ ಬೋಲ್ಟನ್ನು ಹಿಡಿದಿಡುವುದು ಬರೀ ಬಿಗಿತದ ಘರ್ಷಣೆ. ಅಲುಗಾಟಕ್ಕೆ ಬಿಗಿತ ಇಳಿದಂತೆ ಲೈಟು ಜಾರುತ್ತದೆ. ದಪ್ಪದ ಲೆಕ್ಕ ಇನ್ನೂ ನಿರ್ದಯಿ. ಪಟ್ಟಿ ಬಾಗದೆ ನಿಲ್ಲುವ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: 3 ಮಿಲಿಮೀಟರಿನದಕ್ಕಿಂತ 5 ಮಿಲಿಮೀಟರಿನದು ನಾಲ್ಕೂವರೆ ಪಟ್ಟು ಹೆಚ್ಚು ಬಿಗಿ. ಉದ್ದದ ಲೆಕ್ಕ ತಿರುಗುಮುರುಗು: ತೋಳು ಎರಡರಷ್ಟು ಉದ್ದವಾದರೆ ಅದೇ ಭಾರಕ್ಕೆ ಎಂಟರಷ್ಟು ಬಾಗುತ್ತದೆ. ಎಲ್ಲ ಕಾರಿಗೂ ಮುಟ್ಟಲೆಂದು ಉದ್ದ ಮಾಡಿದ, ಅಗ್ಗವಾಗಲೆಂದು ತೆಳು ಮಾಡಿದ ಪಟ್ಟಿ ಈ ಎರಡೂ ನಿಯಮಗಳಿಗೆ ಏಕಕಾಲಕ್ಕೆ ತಲೆ ಕೊಡುತ್ತದೆ. ನನ್ನ ಬಂಧುವೊಬ್ಬರ ಕಾರಿಗೆ ಅಂಗಡಿಯಲ್ಲಿ ಹಾಕಿಸಿದ ಇಂಥ ಪಟ್ಟಿ ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿನ ಒಳಮೂಲೆಯಲ್ಲಿ ಸೀಳಿ, ಒಂದು ಲೈಟು ವೈರಿಗೆ ಜೋತುಬಿದ್ದಿತ್ತು. ಅದನ್ನು ಕಂಡವರು ಹೇಳಿದ್ದು, ಇದಕ್ಕಿಂತ ದುಬಾರಿ ಲೈಟು ಹಾಕಿಸಬೇಕಿತ್ತು ಎಂದು!

ಹಿಂದೆ ಈ ಕಷ್ಟ ಇರಲಿಲ್ಲ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದ ಪದ್ಮಿನಿ ಕಾರಿಗೆ ಉಕ್ಕಿನ ಬಂಪರು ಇತ್ತು, ಅದು ದಪ್ಪ ಕೈಗಳ ಮೇಲೆ ನೇರ ಚೌಕಟ್ಟಿಗೆ ಕೂತಿತ್ತು. ಬಂಪರಿಗೆ ಒಂದು ತೂತು ಕೊರೆದು ಲೈಟಿನ ಬುಡದ ಬೋಲ್ಟು ಬಿಗಿದರೆ ಮುಗಿಯಿತು, ಬಂಪರೇ ಬ್ರಾಕೆಟ್ಟು. ಅಂಬಾಸಿಡರಿನಲ್ಲೂ ಹಾಗೆಯೇ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಕಾಳಿ-ಪೀಳಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಬ್ರಾಕೆಟ್ ಅಂದರೆ ಏನು ಮಹಾ ಎಂಬ ಮಾತು ಮಾತ್ರ ಆ ಕಾಲದಿಂದ ಉಳಿದುಕೊಂಡಿದೆ. ಈಗಿನ ಕಾರಿನ ಮುಂದೆ ನಿಮಗೆ ಕಾಣುವ ಬಂಪರು ಬರೀ ಪ್ಲಾಸ್ಟಿಕ್ ಚರ್ಮ. ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಅದಕ್ಕೆ ಕಿಲೋದ ಹತ್ತಿರ ತೂಗುವ ಲೈಟು ಬಿಗಿದರೆ ಎಂಜಿನ್ನಿನ ನಡುಕಕ್ಕೇ ತಲೆಯಾಡಿಸುತ್ತದೆ. ಗಟ್ಟಿ ಇರುವುದು ಅದರ ಹಿಂದೆ: ಡಿಕ್ಕಿಯ ಹೊಡೆತ ಹೀರುವ ಅಡ್ಡತೊಲೆ, ರೇಡಿಯೇಟರನ್ನು ಹಿಡಿದ ಚೌಕಟ್ಟು, ಎಳೆಯುವ ಕೊಕ್ಕೆ ಸೇರುವ ತಿರುಪಿನ ತೂತು. ಅಲ್ಲಿಗೆ ಯಾವ ಸಂದಿಯಲ್ಲಿ, ಯಾವ ಕೋನದಲ್ಲಿ ತಲುಪಬಹುದು ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಯುನಿವರ್ಸಲ್ ಪಟ್ಟಿಗೆ ಇದರ ಗಂಧಗಾಳಿಯೂ ಇಲ್ಲ.

ಅಂಗಡಿಯವರು ಕಂಡುಕೊಂಡ ಸುಲಭ ದಾರಿ ನಂಬರ್ ಪ್ಲೇಟು. ಪ್ಲೇಟಿನ ಹಿಂದೆ ಒಂದು ಪಟ್ಟಿ ತೂರಿಸಿ ಎರಡೂ ಕಡೆ ಕಿವಿಯಂತೆ ಹೊರಗೆ ಬಿಟ್ಟು ಅದರ ಮೇಲೆ ಲೈಟು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಬಂದ ಹೈ ಸೆಕ್ಯುರಿಟಿ ಪ್ಲೇಟುಗಳನ್ನು ಬಿಚ್ಚಿದರೆ ಮತ್ತೆ ಬಳಸಲಾಗದ ಲಾಕಿನಿಂದ ಕೂರಿಸಿರುತ್ತಾರೆ. ಪಟ್ಟಿ ತೂರಿಸಲು ಆ ಲಾಕನ್ನು ಮುರಿಯಬೇಕು. ಅಂದರೆ ‘ಸರಿಯಾದ’ ಅಂಗಡಿ ಕೆಲಸ ಶುರುವಾಗುವುದೇ ಒಂದು ಅಪರಾಧದಿಂದ. ಅದಕ್ಕೂ ಮೊದಲು ಬುಲ್‌ಬಾರಿನ ಕಾಲವಿತ್ತು. ದಪ್ಪ ಕೊಳವೆ, ಅದರ ಮೇಲೆ ನಾಲ್ಕು ಲೈಟು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇವುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಅದು ಸರಿಯಾದ ನಿರ್ಧಾರ. ಆ ಕೊಳವೆ ಪಾದಚಾರಿಯ ಎಲುಬು ಮುರಿಯುತ್ತದೆ. ಡಿಕ್ಕಿಯ ಹೊಡೆತ ಹೀರಲೆಂದು ಮಾಡಿದ ಭಾಗಗಳನ್ನು ತಪ್ಪಿಸಿ ಹೊಡೆತವನ್ನು ನೇರ ಚೌಕಟ್ಟಿಗೆ ಒಯ್ಯುತ್ತದೆ. ಮನೆಯಲ್ಲಿ ಬ್ರಾಕೆಟ್ ಮಾಡುವವನಿಗೆ ಇದರಲ್ಲೊಂದು ಪಾಠವಿದೆ: ನಿನ್ನ ಕಬ್ಬಿಣ ಬಂಪರಿನ ಮೇಲ್ಮೈಗಿಂತ ಮುಂದಕ್ಕೆ ಚಾಚಬಾರದು, ಅದರ ಯಾವ ಅಂಚೂ ಚೂಪಾಗಿರಬಾರದು, ಅಡ್ಡತೊಲೆಯಲ್ಲಿ ಹೊಸ ತೂತು ಕೊರೆಯಬಾರದು, ಅಲ್ಲಿ ವೆಲ್ಡಿಂಗ್ ಅಂತೂ ಕೂಡದೇ ಕೂಡದು. ಕಾರು ಕೊಟ್ಟವರು ಮೊದಲೇ ಇಟ್ಟ ಬೋಲ್ಟುಗಳನ್ನೇ ಬಳಸು.

ಹಾಗಾದರೆ ಮಾಡುವುದು ಹೇಗೆ? ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಜುಗಾಡ್ ಎಂದು ಮೂಗು ಮುರಿಯುವವರು ಈ ಕೆಲಸವನ್ನು ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ಮೊದಲು ರಟ್ಟು. ಬಂಪರಿನ ಕೆಳಗಿನ ಜಾಲರಿ ತೆಗೆದು, ಟಾರ್ಚು ಬಿಟ್ಟು, ಗಟ್ಟಿ ಬೋಲ್ಟುಗಳೆಲ್ಲಿವೆ ಎಂದು ಹುಡುಕಿ, ಅಲ್ಲಿಂದ ಲೈಟು ಕೂರಬೇಕಾದ ಜಾಗದವರೆಗೆ ದಪ್ಪ ರಟ್ಟಿನಲ್ಲಿ ನಮೂನೆ ಕತ್ತರಿಸಬೇಕು. ರಟ್ಟು ಸುಳ್ಳು ಹೇಳುವುದಿಲ್ಲ. ಎಲ್ಲಿ ತಾಗುತ್ತದೆ, ಎಲ್ಲಿ ಹಾರ್ನಿಗೆ ಅಡ್ಡ, ಎಲ್ಲಿ ರೇಡಿಯೇಟರಿನ ಗಾಳಿಗೆ ತಡೆ ಎಂದು ತೋರಿಸಿಬಿಡುತ್ತದೆ. ಎಡದ್ದು ಬಲದ್ದು ಕನ್ನಡಿಬಿಂಬದಂತೆ ಇರಬಹುದೆಂದು ಊಹಿಸಬೇಡಿ, ಒಳಗಿನ ಸಾಮಾನು ಎರಡು ಕಡೆ ಒಂದೇ ತೆರನಾಗಿರುವುದು ಅಪರೂಪ. ರಟ್ಟು ಸರಿಯಾದ ಮೇಲೆ ಕಬ್ಬಿಣಕ್ಕೆ ಕೈ ಹಾಕಬೇಕು: ಐದು ಮಿಲಿಮೀಟರ್ ದಪ್ಪದ, ಬೆರಳೆರಡರ ಅಗಲದ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿ. ಅಲ್ಯುಮಿನಿಯಂ ಹಗುರ, ತುಕ್ಕು ಹಿಡಿಯದು ಎಂದು ಆಸೆಪಡುವವರಿದ್ದಾರೆ. ಆದರೆ ನಿತ್ಯ ನಡುಗುವ ಜಾಗದಲ್ಲಿ ಅದರ ದಣಿವು ಒಳಗೊಳಗೇ ಕೂಡುತ್ತಾ ಹೋಗುತ್ತದೆ. ಉಕ್ಕು ಒಂದು ಮಿತಿಯೊಳಗಿನ ಅಲುಗಾಟವನ್ನು ವರ್ಷಗಟ್ಟಲೆ ತಾಳುತ್ತದೆ, ಅಲ್ಯುಮಿನಿಯಮ್ಮಿಗೆ ಅಂಥ ಮಿತಿಯಿಲ್ಲ.

ಗರಗಸದಿಂದ ಕೊಯ್ದು, ವೈಸಿನಲ್ಲಿ ಬಿಗಿದು, ತಣ್ಣಗಿನ ಕಬ್ಬಿಣವನ್ನೇ ನಿಧಾನವಾಗಿ ಬಗ್ಗಿಸಬೇಕು. ಬಾಗಿನ ಒಳಮೂಲೆ ಕತ್ತಿಯಂಚಿನ ಹಾಗೆ ಚೂಪಾದರೆ ಬಿರುಕು ಹುಟ್ಟುವುದು ಅಲ್ಲೇ. ಕಡೇಪಕ್ಷ ಪಟ್ಟಿಯ ದಪ್ಪದಷ್ಟು ದುಂಡು ಅಲ್ಲಿರಬೇಕು. ಬಾಗಿಗೆ ತೀರ ಹತ್ತಿರ ತೂತು ಬೇಡ. ಸೆಂಟರ್ ಪಂಚಿನಿಂದ ಗುರುತು ಹೊಡೆದು, ಮೊದಲು ಸಣ್ಣ ಬಿಟ್ಟು, ಆಮೇಲೆ ಬೋಲ್ಟಿನ ಅಳತೆಯ ಬಿಟ್ಟು, ಸೀಳಲ್ಲ, ದುಂಡು ತೂತು. ಅಂಚುಗಳ ಮುಳ್ಳನ್ನು ಅರದಿಂದ ತೆಗೆಯಬೇಕು. ಆಮೇಲೆ ಬಹಳ ಜನ ಮರೆಯುವ ಕೆಲಸ: ಒಂಟಿ ಪಟ್ಟಿ ಎಷ್ಟೇ ದಪ್ಪವಿದ್ದರೂ ತೂಗುತ್ತದೆ, ಅದಕ್ಕೊಂದು ಓರೆ ಆಧಾರ ಕೊಟ್ಟು ತ್ರಿಕೋನ ಮಾಡಬೇಕು. ರ‍್ಯಾಲಿ ಕಾರುಗಳಲ್ಲಿ ಲೈಟಿನ ನೆತ್ತಿಯಿಂದ ಹಿಂದಕ್ಕೆ ಒಂದು ತೆಳು ಸರಳು ಎಳೆದು ಕಟ್ಟಿರುತ್ತಾರೆ. ಅಲಂಕಾರಕ್ಕಲ್ಲ, ಬುಡದಲ್ಲಿ ಮಾತ್ರ ಹಿಡಿದ ಲೈಟು ತಲೆ ಕೊಡವುತ್ತದೆ ಎಂದು ಅವರು ಕಲ್ಲುಮಣ್ಣಿನಲ್ಲಿ ಓಡಿಸಿ ಕಲಿತಿದ್ದಾರೆ. ಕೂರಿಸಿದ ಮೇಲೆ ಲೈಟನ್ನು ಕೈಯಿಂದ ಹಿಡಿದು ಅಲ್ಲಾಡಿಸಿ. ಇಡೀ ಕಾರು ಅಲ್ಲಾಡಬೇಕು, ಲೈಟು ಮಾತ್ರ ಅಲ್ಲಾಡಿದರೆ ಕೆಲಸ ಮುಗಿದಿಲ್ಲ.

ಇದಕ್ಕೆಲ್ಲ ಬೇಕಾದದ್ದು ಮುಂಬಯಿಯಲ್ಲಿ ಸಿಗುವಷ್ಟು ಸಲೀಸಾಗಿ ದೇಶದಲ್ಲಿ ಇನ್ನೆಲ್ಲಿ ಸಿಗುತ್ತದೆ? ರೇ ರೋಡಿನ ದಾರೂಖಾನಾದಲ್ಲಿ ಹಡಗು ಒಡೆದ ಕಬ್ಬಿಣದಿಂದ ಹಿಡಿದು ಹೊಸ ಪಟ್ಟಿಯ ತುಂಡಿನವರೆಗೆ ತೂಕಕ್ಕೆ ಸಿಗುತ್ತದೆ. ಬೋಲ್ಟು, ನೈಲಾನ್ ಒಳಪಟ್ಟಿಯ ನಟ್ಟು, ವಾಷರು, ಡ್ರಿಲ್ ಬಿಟ್ಟುಗಳಿಗೆ ನಾಗದೇವಿ ಸ್ಟ್ರೀಟು ಇದೆ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ನೋಡಿ ಕೊಳ್ಳಿ. ಮನೆಯಲ್ಲಿ ವೈಸು ಇಲ್ಲ, ಸೊಸೈಟಿಯಲ್ಲಿ ಸದ್ದು ಮಾಡುವಂತಿಲ್ಲ ಎಂದರೆ ಸಾಕಿನಾಕಾ, ಭಾಂಡುಪ್, ಅಂಧೇರಿ ಎಂಐಡಿಸಿಯ ಗಾಲಾಗಳಲ್ಲಿ (ಸಣ್ಣ ವರ್ಕ್‌ಶಾಪುಗಳಲ್ಲಿ) ನಿಮ್ಮ ರಟ್ಟಿನ ನಮೂನೆ ನೋಡಿ ಅಷ್ಟೇ ನಿಖರವಾಗಿ ಬಗ್ಗಿಸಿಕೊಡುವ ಕೈಗಳಿವೆ. ಅಳತೆ ನಿಮ್ಮದಾಗಿದ್ದರೆ ಅದೂ ಮನೆಯ ಬ್ರಾಕೆಟ್ಟೇ. ಉಪ್ಪುಗಾಳಿಯನ್ನು ಮಾತ್ರ ಮರೆಯಬೇಡಿ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ತಿಂಗಳು ಸಮುದ್ರದ ತೇವ. ಬರೀ ಸ್ಪ್ರೇ ಬಣ್ಣ ಇಲ್ಲಿ ಬಾಳುವುದಿಲ್ಲ. ಎಲ್ಲ ತೂತು ಕೊರೆದಾದ ಮೇಲೆ, ಮೊದಲಲ್ಲ, ಪ್ರೈಮರು ಹಚ್ಚಿ ಬಣ್ಣ ಕೊಡಿ, ಇಲ್ಲವೇ ಗಾಲಾದಲ್ಲೇ ಪೌಡರ್ ಕೋಟಿಂಗ್ ಮಾಡಿಸಿ. ಬಣ್ಣ ಬಿಟ್ಟ ತೂತಿನ ಒಳಅಂಚಿನಿಂದಲೇ ತುಕ್ಕು ಹೊರಡುತ್ತದೆ, ಅದು ಬೋಲ್ಟಿನ ಬಿಗಿತವನ್ನು ತಿಂದು ಮತ್ತೆ ಆ ಎರಡು ಮಿಲಿಮೀಟರಿಗೇ ತಂದು ನಿಲ್ಲಿಸುತ್ತದೆ.

ಕೈಯಿಂದ ಮಾಡಿದ್ದು ಕೀಳು, ಕೊಂಡದ್ದು ಮೇಲು ಎಂಬ ಭಾವನೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದು ನನಗೆ ನಿಜವಾಗಿ ನೋವಿನ ವಿಷಯ. ಮಾಟುಂಗಾ ಪಶ್ಚಿಮದ ಕರ್ನಾಟಕ ಸಂಘದ ಕಟ್ಟಡಕ್ಕೆ ನಾವು ಇಟ್ಟಿರುವುದು ವಿಶ್ವೇಶ್ವರಯ್ಯನವರ ಹೆಸರು. ಅವರು ಮೊದಲು ಕೆಲಸಕ್ಕೆ ಸೇರಿದ್ದು ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ, 1884ರಲ್ಲಿ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಕಾರನ್ನು ನಮ್ಮ ದೇಶದಲ್ಲೇ ತಯಾರಿಸಬೇಕು ಎಂದು ಯುರೋಪು ಅಮೆರಿಕ ಸುತ್ತಿ ಯೋಜನೆ ಬರೆದು ಸರ್ಕಾರದ ಬಾಗಿಲು ಬಡಿದವರು ಅವರು. ಬಿಡಿಭಾಗ ತರಿಸಿಕೊಂಡರೆ ಸಾಕಲ್ಲವೇ ಎಂಬ ಧೋರಣೆ ಅವರಿಗೂ ಎದುರಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಆ ಕನಸಿಗೆ ಹೆಗಲು ಕೊಟ್ಟರು, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಕುರ್ಲಾದ ಆ ಕಾರ್ಖಾನೆಯ ಹಿಂದೆ ನಮ್ಮ ನೆಲದವರೊಬ್ಬರ ಹಟ ಇತ್ತು. ಅವರ ಜನ್ಮದಿನವನ್ನು ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರರ ದಿನವೆಂದು ಆಚರಿಸುವ ನಾವು, ಎಂಜಿನಿಯರಿಂಗ್ ಓದಿದ ಮಗ ಅರ ಹಿಡಿದು ಕಬ್ಬಿಣದ ಅಂಚು ತಿಕ್ಕುತ್ತಿದ್ದರೆ ‘ಇದೆಲ್ಲ ಗ್ಯಾರೇಜಿನವರ ಕೆಲಸ’ ಎನ್ನುತ್ತೇವೆ. ಗ್ಯಾರೇಜಿನವರ ಕೆಲಸವನ್ನು ಕೀಳಾಗಿ ಕಾಣುವ ಈ ಮಾತು ಎರಡು ಬಾರಿ ತಪ್ಪು. ಅಳತೆಗೆ ಸರಿಯಾಗಿ ಒಂದು ಬಾಗು ತೆಗೆಯಲು ಬೇಕಾದ ತಾಳ್ಮೆ, ಓದಿನಿಂದ ಬರುವ ವಿದ್ಯೆಗಿಂತ ಯಾವ ರೀತಿಯಲ್ಲೂ ಕಮ್ಮಿಯದಲ್ಲ.

ಹಾಗೆಂದು ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು ಎಂದು ನಾನು ಹೊಗಳಲಾರೆ. ಕೇಬಲ್ ಟೈಯಿಂದ ಲೈಟು ಕಟ್ಟಿದವರನ್ನು, ಪೀಠೋಪಕರಣದ ಎಲ್ ಪಟ್ಟಿಯನ್ನು ಹಾಗೇ ಬಿಗಿದವರನ್ನು ನೋಡಿದ್ದೇನೆ. ಅದು ಅಂಗಡಿಯ ಪಟ್ಟಿಗಿಂತಲೂ ಅಪಾಯ. ಕೆಟ್ಟ ಕೆಲಸ ಎಲ್ಲಿ ಆದರೂ ಕೆಟ್ಟದ್ದೇ. ನನ್ನ ಆಕ್ಷೇಪ ಇರುವುದು, ಯಾವುದು ಕೆಟ್ಟದ್ದು ಎಂದು ಅಳತೆಯಿಂದ ನಿರ್ಧರಿಸದೆ ಬಿಲ್ಲಿನಿಂದ ನಿರ್ಧರಿಸುವುದಕ್ಕೆ.

ಕಾನೂನಿನ ಮಾತು ಎತ್ತುವವರಿಗೆ ಗಂಭೀರವಾಗಿಯೇ ಉತ್ತರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಅದನ್ನು ಬಿಗಿಯಾಗಿಯೇ ಅರ್ಥೈಸಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅನುಮತಿಯಿಲ್ಲದೆ ಮುಂಭಾಗದಲ್ಲಿ ಸ್ಪಾಟ್‌ಲೈಟು, ಸರ್ಚ್‌ಲೈಟು ಇಡುವುದನ್ನು ನಿಷೇಧಿಸುತ್ತವೆ. ಲೈಟು ಕೊಳ್ಳುವ ಮೊದಲೇ ಇದನ್ನು ತಿಳಿದು, ಆರ್‌ಟಿಒದಲ್ಲಿ ಕೇಳಿಯೇ ಮುಂದುವರಿಯಬೇಕು. ಆದರೆ ಈ ಕಲಮುಗಳಲ್ಲಿ ಯಾವುದೂ ಅಂಗಡಿಯ ಬ್ರಾಕೆಟ್ಟಿಗೆ ರಿಯಾಯಿತಿ ಕೊಟ್ಟು ಮನೆಯದಕ್ಕೆ ದಂಡ ಹಾಕಿಲ್ಲ. ಕಬ್ಬಿಣವನ್ನು ಯಾರು ಬಗ್ಗಿಸಿದರು ಎಂದು ಅವು ಕೇಳುವುದೇ ಇಲ್ಲ. ನಿಯಮ 106 ಕೇಳುವುದು ಬೆಳಕಿನ ಬಗ್ಗೆ: ಚಾಲಕನೇ ತಗ್ಗಿಸುವ ಇಲ್ಲವೇ ಆರಿಸುವ ಏರ್ಪಾಡು ಇಲ್ಲದಿದ್ದರೆ, ಎಂಟು ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸದಂತೆ ಅದು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕು ಎಂದು. ಶಾಶ್ವತವಾಗಿ! ಅಂಗಡಿಯಲ್ಲಿ ಬಿಗಿದ ದಿನ ಮಾತ್ರವಲ್ಲ, ಕಶೇಡಿಯ ಗುಂಡಿಗಳನ್ನೆಲ್ಲ ಇಳಿದು ಹತ್ತಿದ ಮೇಲೂ. ಆ ಒಂದು ಪದವನ್ನು ಪಾಲಿಸಲು ತೆಳು ತಗಡಿನಿಂದಾಗದು.

ಇದೇ ಕಾರಣಕ್ಕೆ ‘ಇನ್ನೂ ಜಾಸ್ತಿ ವ್ಯಾಟು ಹಾಕಿಸಿ’ ಎನ್ನುವವರ ಮೇಲೆ ನನಗೆ ಕೋಪ. ಮಳೆಯಲ್ಲಿ ರಸ್ತೆ ಕಾಣದಿರುವುದಕ್ಕೆ ಬೆಳಕು ಸಾಲದ್ದು ಕಾರಣವಲ್ಲ. ಒದ್ದೆ ಡಾಂಬರು ಕನ್ನಡಿಯಾಗಿಬಿಡುತ್ತದೆ. ನಮ್ಮ ಬೆಳಕು ನಮ್ಮ ಕಡೆಗೆ ಮರಳದೆ ಮುಂದಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಹೋಗುತ್ತದೆ. ವ್ಯಾಟು ಏರಿಸಿದಷ್ಟೂ ಅವರಿಗೆ ಕುರುಡು, ನಮಗೆ ಕತ್ತಲೆ ಹಾಗೇ. ಖಂಡಾಳಾದ ಮಂಜಿನಲ್ಲಿ ದೂರಕ್ಕೆ ಎಸೆಯುವ ಡ್ರೈವಿಂಗ್ ಲೈಟು ಹಾಕಿದರೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜಿಗೆ ಬೇಕಾದದ್ದು ಬೇರೆಯೇ ಲೈಟು, ಅಗಲವಾಗಿ ಹರಡಿ ಮೇಲಂಚು ಕತ್ತರಿಸಿದಂತಿರುವ ಫಾಗ್ ಲೈಟು, ಅದರ ಬ್ರಾಕೆಟ್ಟು ತೀರ ಕೆಳಗೆ ಬರಬೇಕು. ಡ್ರೈವಿಂಗ್ ಲೈಟಿನದು ಹೆಡ್‌ಲೈಟಿನ ಎತ್ತರವನ್ನು ಮೀರದ ಹಾಗೆ ಮೇಲೆ. ಒಂದೇ ಪಟ್ಟಿ ಎರಡಕ್ಕೂ ಎನ್ನುವ ಅಂಗಡಿಯವನಿಗೆ ಈ ಎರಡರ ವ್ಯತ್ಯಾಸವೇ ತಿಳಿದಿಲ್ಲ. ಡ್ರೈವಿಂಗ್ ಲೈಟು ಹೈಬೀಮಿನ ಜೊತೆಗೇ ಹೊತ್ತಿ, ಡಿಪ್ ಮಾಡಿದ ಕ್ಷಣ ಆರುವಂತೆ ರಿಲೇ, ಫ್ಯೂಸು ಸಹಿತ ವೈರು ಎಳೆಯಬೇಕು. ಎರಡು 55 ವ್ಯಾಟಿನ ಬಲ್ಬಿಗೆ ಒಂಬತ್ತು ಆಂಪಿಯರಿಗೂ ಹೆಚ್ಚು ಬೇಕು, ಸ್ವಿಚ್ಚಿನ ತೆಳು ತಂತಿಯಲ್ಲಿ ಅದನ್ನು ಹಾಯಿಸುವಂತಿಲ್ಲ. ಬೀದಿದೀಪಗಳಿರುವ ಈಸ್ಟರ್ನ್, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಇವನ್ನು ಹೊತ್ತಿಸಿ ಓಡಿಸುವವರಿಗೆ ನಾನು ಯಾವ ಸಮರ್ಥನೆಯನ್ನೂ ಕೊಡಲಾರೆ. ನಗರದೊಳಗೆ ಅವುಗಳ ಮೇಲೆ ಮುಚ್ಚಳ ಇರಬೇಕು. ಪನವೇಲ್ ದಾಟಿದ ಮೇಲೆ ತೆಗೆಯಬಹುದು.

ಇನ್ನು ಕೊನೆಯದಾಗಿ, ಅಂಗಡಿಯಲ್ಲಿ ಹಾಕಿಸಿದರೆ ಯಾರೋ ಬಲ್ಲವರು ಪರೀಕ್ಷೆ ಮಾಡಿರುತ್ತಾರೆ ಎಂಬ ನೆಮ್ಮದಿ. ಯಾರೂ ಮಾಡಿರುವುದಿಲ್ಲ. ಹಗಲಲ್ಲಿ, ಗಿಜಿಗುಡುವ ಬೀದಿಯಲ್ಲಿ, ಮುಂದಿನ ಕಾರಿನ ಬೆನ್ನಿಗೆ ಬೆಳಕು ಬಿಟ್ಟು ‘ಹೊತ್ತಿತು ನೋಡಿ’ ಎಂದು ಕಳಿಸುತ್ತಾರೆ. ಆಮೇಲೆ? ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಅಷ್ಟು ವರ್ಷ ಅದರ ಬೆಳಕು ಎತ್ತ ಬೀಳುತ್ತಿದೆ ಎಂದು ಕಡ್ಡಾಯವಾಗಿ ನೋಡುವ ಯಾವ ತಪಾಸಣೆಯೂ ಇಲ್ಲ. ಮಾಲಿನ್ಯ ತಪಾಸಣೆಯ (ಪಿಯುಸಿ) ಕೇಂದ್ರದವರು ಹೊಗೆ ಮೂಸುತ್ತಾರೆ, ಲೈಟನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮಹಾರಾಷ್ಟ್ರದ ಸಾರಿಗೆ ಇಲಾಖೆ ಇದನ್ನು ಬದಲಿಸಬಹುದು, ದೊಡ್ಡ ಯಂತ್ರವೂ ಬೇಡ: ಪ್ರತಿ ಪಿಯುಸಿ ಕೇಂದ್ರದ ಗೋಡೆಯ ಮೇಲೆ ಅಳತೆಯ ಗೆರೆಗಳು, ನೆಲದ ಮೇಲೆ ಹತ್ತು ಮೀಟರಿನ ಗುರುತು, ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಂದು ಕಡ್ಡಾಯ ಪರೀಕ್ಷೆ. ಇದನ್ನು ನಮ್ಮ ಸಂಘಸಂಸ್ಥೆಗಳು ಬರೆದು ಕೇಳಲಿ, ಬೆನ್ನುಹತ್ತಿ ಕೇಳಲಿ. ಅಲ್ಲಿಯತನಕ ಸೊಸೈಟಿಯ ಕಾಂಪೌಂಡ್ ಗೋಡೆಯೇ ಆಗುತ್ತದೆ. ಸಮತಟ್ಟಾದ ಜಾಗ, ಟೈರಿನಲ್ಲಿ ಸರಿಯಾದ ಗಾಳಿ, ಗೋಡೆಯಿಂದ ಹತ್ತು ಮೀಟರ್, ಲೈಟಿನ ನಡುಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಒಂದು ಗೆರೆ, ಅದಕ್ಕಿಂತ ಐದು ಸೆಂಟಿಮೀಟರ್ ಕೆಳಗೆ ಇನ್ನೊಂದು. ಬೆಳಕಿನ ನಡು ಕೆಳಗಿನ ಗೆರೆಯ ಮೇಲೆ ಕೂರುವವರೆಗೆ ತಿದ್ದಿ. ಕಾರನ್ನು ಖಾಲಿ ಇಟ್ಟು ಅಳೆಯಬೇಡಿ. ಹಿಂಭಾಗ ಇಳಿದಷ್ಟೂ ಮೂತಿ ಮೇಲೇಳುತ್ತದೆ, ಹಾಗಾಗಿ ಊರಿಗೆ ಹೊರಡುವ ರಾತ್ರಿ ಎಷ್ಟು ಜನ, ಎಷ್ಟು ಚೀಲವೋ ಅಷ್ಟೇ ಭಾರ ತುಂಬಿಸಿ ಅಳೆಯಿರಿ.